ಕಲ್ಲಿನ ಸೀಮೆಯಲ್ಲಿ ಬಿಡಾರದ ಬಂಡಿ

ಕಲಬುರಗಿ ಜಿಲ್ಲೆಯ ದಕ್ಷಿಣದಿಂದ ಪೂರ್ವಕ್ಕೆ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಎಂಬ ಐದು ಊರುಗಳು ಬಾಗಿದ ಬಿಲ್ಲಿನಂತೆ ಹಬ್ಬಿಕೊಂಡಿವೆ. ಮುಂಬಯಿಯಿಂದ ಚೆನ್ನೈ ಕಡೆಗೆ ರೈಲಿನಲ್ಲಿ ಹೋಗತಕ್ಕವರು ಮೊದಲಿನ ಎರಡನ್ನು ಕಿಟಕಿಯಿಂದ ನೋಡಿರುತ್ತಾರೆ. ವಾಡಿಯಲ್ಲಿ ಹೈದರಾಬಾದಿನ ಕಡೆಗೆ ತಿರುಗತಕ್ಕವರು ಮುಂದಿನ ಎರಡನ್ನು ನೋಡಿರುತ್ತಾರೆ. ಚಿಂಚೋಳಿಯನ್ನು ಮಾತ್ರ ರಸ್ತೆಯ ಪಯಣಿಗರೇ ಬಲ್ಲರು. ಇಳಿದು, ನಿಂತು, ಕಣ್ತುಂಬ ನೋಡುವವರು ಎಲ್ಲ ಕಡೆಯೂ ವಿರಳ. ಇದರಲ್ಲಿ ಊರುಗಳ ದೋಷವೇನೂ ಇಲ್ಲ. ನೋಡತಕ್ಕದ್ದೆಲ್ಲವೂ ಊರಿನ ಹೊರಗಿದೆ, ತಂಗತಕ್ಕ ಸ್ಥಳವೆಲ್ಲವೂ ಊರಿನ ಒಳಗಿದೆ. ನಡುವೆ ಬಿಸಿಲು ಇದೆ. ವಯಸ್ಸಾದವರನ್ನು ಕರೆದುಕೊಂಡು ಹೊರಟವರಿಗೆ ಈ ಮೂರನ್ನೂ ಹೊಂದಿಸುವುದು ಸುಲಭಸಾಧ್ಯವಲ್ಲ.

ನಮ್ಮ ತಾಯಿಯವರಿಗೆ ಎಪ್ಪತ್ತೆಂಟು ವರ್ಷ. ನಾಗಾವಿಯ ಎಲ್ಲಮ್ಮನನ್ನೂ ಮಳಖೇಡದ ವೃಂದಾವನವನ್ನೂ ನೋಡಬೇಕೆಂಬ ಬಯಕೆ ಅವರಿಗೆ ಬಹುಕಾಲದ್ದು. ಆದರೆ ಹೊರಗಿನ ಅಡಿಗೆಯನ್ನು ಅವರು ಮುಟ್ಟುವವರಲ್ಲ. ಔಷಧ ಸೇವಿಸಿದ ಅರ್ಧ ಗಂಟೆಗೆ ಸರಿಯಾಗಿ ಬಿಸಿ ಗಂಜಿಯೋ ಮೆತ್ತನೆಯ ಅನ್ನವೋ ಹೊಟ್ಟೆಗೆ ಬೀಳದಿದ್ದರೆ ತಲೆ ಸುತ್ತಿ ಮಲಗಿಬಿಡುತ್ತಾರೆ. ಹೀಗಾಗಿ ಅಡಿಗೆಮನೆಯೇ ನಮ್ಮ ಜೊತೆಗೆ ಬರಬೇಕಾಯಿತು. ಮಲಗಲು ನಾಲ್ಕು ಹಲಗೆ, ಒಂದು ನೀರಿನ ತೊಟ್ಟಿ, ಎರಡು ಬಾಯಿಯ ಒಲೆ ಇರುವ ಒಂದು ಉದ್ದನೆಯ ಮೋಟಾರು ಗಾಡಿಯನ್ನು ನಮ್ಮ ಮೈದುನನವರು ಸಿದ್ಧಪಡಿಸಿದ್ದರು. ಇದಕ್ಕೆ ಈಗಿನವರು ಕ್ಯಾಂಪರ್ ವ್ಯಾನು ಎನ್ನುತ್ತಾರೆ. ನಮ್ಮ ತಾಯಿಯವರು ಬಿಡಾರದ ಬಂಡಿ ಎಂದು ಕರೆದರು, ಮನೆಯಲ್ಲಿ ಆ ಹೆಸರೇ ನಿಂತಿತು.

ಬಂಡಿಯಲ್ಲಿ ಎಲ್ಲವೂ ಸಿದ್ಧವಾಗಿ ಒಲೆಯ ಅನಿಲವೊಂದು ಉಳಿಯಿತು. ಈ ವಿಷಯದಲ್ಲಿ ಮನೆಯಲ್ಲಿ ಎಂಟು ದಿನ ಚರ್ಚೆ ನಡೆಯಿತೆಂದರೆ ವಾಚಕರು ನಗಬಾರದು. ಪಶ್ಚಿಮ ಯೂರೋಪಿನಲ್ಲಿ ಇಂಥ ಗಾಡಿಗಳ ನೆಲಗಟ್ಟಿನ ಕೆಳಗೆ ಒಂದು ಉಕ್ಕಿನ ಟ್ಯಾಂಕನ್ನು ಶಾಶ್ವತವಾಗಿ ಬಿಗಿದು, ಹೊರಮೈಯಲ್ಲಿ ತುಂಬುವ ಮೂತಿಯನ್ನಿಟ್ಟಿರುವುದುಂಟು. ದಾರಿಯ ಬಂಕಿನಲ್ಲಿ ಪೆಟ್ರೋಲು ಹಾಕಿಸಿದಂತೆ ಅನಿಲವನ್ನೂ ಹಾಕಿಸಿಕೊಂಡು ಮುಂದೆ ಸಾಗುತ್ತಾರೆ. ಅಲ್ಲಿಯೂ ತೊಡಕಿಲ್ಲವೆಂದಲ್ಲ, ಮೂತಿಯ ಮಾದರಿಗಳು ನಾಲ್ಕು, ದೇಶಕ್ಕೊಂದು ರೂಢಿ. ಗಡಿ ದಾಟುವವನು ಹಿತ್ತಾಳೆಯ ಜೋಡಣೆಗಳನ್ನು ಚೀಲದಲ್ಲಿ ಹಾಕಿಕೊಂಡೇ ಹೊರಡುತ್ತಾನೆ. ಟ್ಯಾಂಕಿನ ಒಳಗೆ ತೇಲುಗುಂಡಿನ ವಾಲ್ವೊಂದಿದ್ದು, ನೂರಕ್ಕೆ ಎಂಬತ್ತು ಭಾಗ ತುಂಬಿದೊಡನೆ ತಾನಾಗಿ ಬಾಯಿ ಮುಚ್ಚಿಕೊಳ್ಳುತ್ತದೆ.

ನಮ್ಮ ಮೈದುನನವರ ಮನಸ್ಸು ಈ ಟ್ಯಾಂಕಿನ ಮೇಲೆಯೇ ಇತ್ತು. ಬೆಂಗಳೂರಿನ ಆಟೋರಿಕ್ಷಾಗಳು ಅನಿಲದಿಂದ ಓಡುತ್ತವಲ್ಲ, ಅದೇ ಟ್ಯಾಂಕಿಗೆ ಒಂದು ನಳಿಗೆ ಸೇರಿಸಿ ಒಲೆಗೆ ತಂದರೆ ಆಯಿತು ಎಂಬುದು ಅವರ ಯೋಚನೆ. ಇದು ಕೇಳಲು ಸೊಗಸಾಗಿದ್ದರೂ ಎರಡು ಕಾರಣಗಳಿಂದ ಆಗತಕ್ಕದ್ದಲ್ಲ. ಇಂಜಿನಿನ ಟ್ಯಾಂಕು ತಳದಿಂದ ದ್ರವವನ್ನು ಎಳೆಯುತ್ತದೆ. ಆ ದ್ರವವು ಇಂಜಿನಿನ ಬಿಸಿನೀರಿನ ಸಹಾಯದಿಂದ ಆವಿಯಾಗಿ ಉರಿಯುತ್ತದೆ. ಒಲೆಗೆ ಬೇಕಾದದ್ದು ಟ್ಯಾಂಕಿನ ನೆತ್ತಿಯಲ್ಲಿ ನಿಂತ ಆವಿ ಮಾತ್ರ. ದ್ರವವು ಒಲೆಯ ನಳಿಗೆಗೆ ನುಗ್ಗಿತೆಂದರೆ ಒಂದು ಪಾಲು ಸುಮಾರು ಇನ್ನೂರೈವತ್ತು ಪಾಲು ಅನಿಲವಾಗಿ ಉಬ್ಬುತ್ತದೆ. ಆಗ ಏಳುವುದು ಒಲೆಯ ಉರಿಯಲ್ಲ, ಮನೆಯ ಉರಿ. ಎರಡನೆಯದು ಕಾನೂನು. ೨೦೦೧ರ ಆಜ್ಞೆಯ ಮೇರೆಗೆ ವಾಹನದ ಅನಿಲವನ್ನು ಒಪ್ಪಿಗೆ ಪಡೆದು ಗಾಡಿಗೆ ಬಿಗಿದ ಇಂಜಿನಿನ ಟ್ಯಾಂಕಿಗೆ ತುಂಬತಕ್ಕದ್ದು; ಬಂಕಿಗೆ ಬಿಡಿ ಸಿಲಿಂಡರನ್ನು ಒಯ್ದು ತುಂಬಿಸುವುದು ನಿಷಿದ್ಧ. ಮನೆಯ ೧೪.೨ ಕಿಲೋಗ್ರಾಮಿನ ಕೆಂಪು ಸಿಲಿಂಡರನ್ನು ಎತ್ತಿಕೊಂಡು ಹೋಗೋಣವೆಂದರೆ ಅದೂ ಆ ವಿಳಾಸದ ಮನೆಯ ಅಡಿಗೆಗೆಂದು ಕೊಟ್ಟದ್ದು.

ಕೊನೆಗೆ ನಿಶ್ಚಯವಾದದ್ದು ೫ ಕಿಲೋಗ್ರಾಮಿನ ಚಿಕ್ಕ ಸಿಲಿಂಡರು. ವಿಳಾಸದ ಪುರಾವೆ ಕೇಳದೆ ಇವುಗಳನ್ನು ಮಾರುವ ಕ್ರಮ ೨೦೧೩ರಲ್ಲಿ ಮೊದಲಾಯಿತು. ೨೦೨೧ರಲ್ಲಿ ನಾರುಗಾಜಿನ ಹಗುರವಾದ ಸಿಲಿಂಡರುಗಳೂ ಬಂದಿವೆ. ಅವುಗಳ ಮೈಗೆ ದೀಪ ಹಿಡಿದರೆ ಒಳಗಿನ ದ್ರವದ ಮಟ್ಟ ಕಾಣುತ್ತದೆ. ಗೃಹಿಣಿಯರಿಗೆ ಇದಕ್ಕಿಂತ ಪ್ರಿಯವಾದ ಗುಣ ಮತ್ತೊಂದಿರಲಾರದು. ಆದರೂ ಸಣ್ಣ ಊರುಗಳಲ್ಲಿ ಬದಲಿಗೆ ಸಿಕ್ಕುವುದು ಉಕ್ಕಿನದೇ ಆಗಿರಬಹುದೆಂದು ನಾವು ಉಕ್ಕಿನದನ್ನೇ ಕೊಂಡೆವು. ಒಂದು ಒಲೆ ಗಂಟೆಗೆ ಸುಮಾರು ೧೫೦ ಗ್ರಾಂ ಅನಿಲವನ್ನು ಉರಿಸುವುದರಿಂದ ದಿನಕ್ಕೆ ಎರಡು ಗಂಟೆಯ ಅಡಿಗೆಯಂತೆ ಎರಡು ವಾರಕ್ಕೆ ಸಾಕು. ಕೊಳ್ಳುವಾಗ ಹಿಡಿಕೆಯ ಪಟ್ಟಿಯ ಒಳಮೈಯನ್ನು ನೋಡಿದೆವು. ಅಲ್ಲಿ ಎ, ಬಿ, ಸಿ, ಡಿ ಎಂಬುದರಲ್ಲಿ ಒಂದು ಅಕ್ಷರವೂ ಎರಡು ಅಂಕೆಗಳೂ ಇರುತ್ತವೆ. ಅಕ್ಷರವು ವರ್ಷದ ಯಾವ ಮೂರು ತಿಂಗಳೆಂಬುದನ್ನೂ ಅಂಕೆಗಳು ವರ್ಷವನ್ನೂ ಸೂಚಿಸುತ್ತವೆ. ಆ ಗಡುವಿನೊಳಗೆ ಸಿಲಿಂಡರು ಮರುಪರೀಕ್ಷೆಗೆ ಹೋಗತಕ್ಕದ್ದು. ಮನೆಗೆ ಬರುವ ದೊಡ್ಡ ಸಿಲಿಂಡರಿನಲ್ಲಿಯೂ ಈ ಗುರುತು ಇರುತ್ತದೆ, ನೋಡುವವರು ಕಡಿಮೆ.

ಕಲಬುರಗಿಯ ಒಬ್ಬ ಕಮ್ಮಾರರು ಸಿಲಿಂಡರಿಗೆ ತಗಡಿನ ಒಂದು ಗೂಡನ್ನು ಗಾಡಿಯ ಹಿಂಬದಿಯಲ್ಲಿ ಕೂಡಿಸಿಕೊಟ್ಟರು. ಅದರ ಬಾಗಿಲು ಹೊರಕ್ಕೆ ಮಾತ್ರ ತೆರೆಯುತ್ತದೆ. ಮಲಗುವ ಕಡೆಗಿನ ಗೋಡೆಗೆ ನಳಿಗೆಯ ರಂಧ್ರದ ಸುತ್ತಲೂ ರಬ್ಬರು ಬಿಗಿದು ಸಂದಿಲ್ಲದಂತೆ ಮಾಡಲಾಗಿದೆ. ಸಿಲಿಂಡರು ನೆಟ್ಟಗೆ ನಿಲ್ಲಬೇಕು, ಮಲಗಕೂಡದು. ಮಲಗಿದರೆ ಆವಿಯ ಬದಲು ದ್ರವ ಹೊರಬೀಳುತ್ತದೆ. ಇಷ್ಟಕ್ಕೆಲ್ಲ ಕಮ್ಮಾರರು ಒಪ್ಪಿದರು. ಗೂಡಿನ ತಳದಲ್ಲಿ ಅಂಗೈಯಗಲದ ತೂತು ಬೇಕೆಂದಾಗ ಮಾತ್ರ ಅವರ ಮುಖ ಸಿಂಡರಿಸಿತು. "ಶಹಾಬಾದಿನ ಧೂಳು ನಿಮಗೆ ಗೊತ್ತಿಲ್ಲ, ತೂತಿಟ್ಟರೆ ಸಂಜೆಯೊಳಗೆ ಗೂಡು ಹಿಟ್ಟಿನ ಗಿರಣಿಯಾಗುತ್ತದೆ" ಎಂದರು. ಬೇಕಾದರೆ ಮೇಲುಗಡೆ ಇಡೋಣವೆಂದರು. ಅಡಿಗೆಯ ಅನಿಲವು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಹೊಗೆಯಂತೆ ಮೇಲೇರದೆ ನೀರಿನಂತೆ ಕೆಳಗೆ ಹರಿದು ತಗ್ಗನ್ನು ಹುಡುಕುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಬೆರೆತರೂ ಒಂದು ಕಿಡಿ ಸಾಕು. ಇದನ್ನು ಹೇಳಿದ ಮೇಲೆ ಅವರು ತಳದಲ್ಲಿಯೇ ತೂತು ಕೊರೆದು, ಧೂಳಿಗಾಗಿ ತಂತಿಯ ಜಾಲರಿಯನ್ನು ಹಚ್ಚಿ, ದಿನವೂ ಅದನ್ನು ಕುಂಚದಿಂದ ಒರೆಸಬೇಕೆಂದು ಕಟ್ಟಪ್ಪಣೆ ಮಾಡಿ ಕಳುಹಿಸಿದರು.

ಅವರ ಮಾತು ಸುಳ್ಳಾಗಲಿಲ್ಲ. ಶಹಾಬಾದಿನ ಸುತ್ತಲೂ ನೆಲವೇ ಕಲ್ಲು. ಇಲ್ಲಿಯ ಸುಣ್ಣಕಲ್ಲು ಪುಸ್ತಕದ ಹಾಳೆಗಳಂತೆ ಪದರಪದರವಾಗಿ ಮಲಗಿದೆ. ಹಾರೆಯಿಂದ ಮೀಟಿದರೆ ಹಲಗೆಯಂತೆ ಮೇಲೇಳುತ್ತದೆ. ದಖ್ಖನದ ಎಷ್ಟು ಪಡಸಾಲೆಗಳಲ್ಲಿ, ಎಷ್ಟು ರೈಲು ನಿಲ್ದಾಣಗಳಲ್ಲಿ ಈ ಶಹಾಬಾದಿ ಫರಸಿ ಹಾಸಿಕೊಂಡಿದೆಯೆಂಬುದನ್ನು ಎಣಿಸಿದವರಿಲ್ಲ. ಗಣಿಯ ಅಂಚಿನಲ್ಲಿ ಬಂಡಿಯಿಂದ ಇಳಿದ ನಮ್ಮ ತಾಯಿಯವರು ಚಪ್ಪಲಿ ಬಿಟ್ಟು ನೆರಳಿನಲ್ಲಿದ್ದ ಒಂದು ಹಾಸಿನ ಮೇಲೆ ಕಾಲಿಟ್ಟು, ತವರುಮನೆಯ ನಡುಮನೆಯ ಕಲ್ಲು ಇದೇ ಎಂದರು. ಅಂಗಾಲಿನ ತಂಪಿನಿಂದ ಕಲ್ಲನ್ನು ಗುರುತಿಸುವ ವಿದ್ಯೆ ನಮ್ಮ ಪೀಳಿಗೆಗೆ ಬಂದಿಲ್ಲ. ಬಿಸಿಲಿನ ಕಡೆಯ ಕಲ್ಲಿನ ಮೇಲಾದರೋ ಕ್ಷಣಮಾತ್ರವೂ ಕಾಲಿಡುವಂತಿರಲಿಲ್ಲ. ಮಾರ್ಚಿಯ ಕೊನೆಯ ವಾರ. ಗೂಡಿನಲ್ಲಿ ತೂಗುಹಾಕಿದ್ದ ಉಷ್ಣಮಾಪಕವು ಮಧ್ಯಾಹ್ನ ಎರಡು ಗಂಟೆಗೆ ೪೬ ಅಂಶವನ್ನು ತೋರಿಸುತ್ತಿತ್ತು.

ಎಂಬತ್ತು ಪಾಲಿನ ಆ ನಿಯಮ ಯಾತಕ್ಕೆಂಬುದು ಈ ಗಣಿಯ ದಂಡೆಯಲ್ಲಿ ನಿಂತಾಗ ಚೆನ್ನಾಗಿ ತಿಳಿಯುತ್ತದೆ. ನಮ್ಮ ಸಿಲಿಂಡರುಗಳಲ್ಲಿರುವುದು ಪ್ರೊಪೇನು ಬ್ಯೂಟೇನುಗಳ ಮಿಶ್ರಣ. ೨೦ ಅಂಶದ ಹವೆಯಲ್ಲಿ ಪ್ರೊಪೇನಿನ ಒತ್ತಡ ವಾಯುಮಂಡಲದ ಎಂಟು ಪಟ್ಟಿನಷ್ಟಿದ್ದರೆ ೪೫ ಅಂಶದಲ್ಲಿ ಹದಿನೈದು ಪಟ್ಟಿಗೆ ಏರುತ್ತದೆ. ಬ್ಯೂಟೇನು ಸೌಮ್ಯ ಸ್ವಭಾವದ್ದು. ಅದರ ಒತ್ತಡ ಎರಡರಿಂದ ನಾಲ್ಕಕ್ಕೆ ಏರುವುದು. ಈ ಒತ್ತಡವನ್ನು ಉಕ್ಕು ತಡೆದುಕೊಳ್ಳುತ್ತದೆ. ಆದರೆ ದ್ರವವು ಬಿಸಿಗೆ ಹಿಗ್ಗುವುದೂ ಉಂಟಷ್ಟೆ. ನೀರು ಹಿಗ್ಗುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿ ಇದು ಹಿಗ್ಗುತ್ತದೆ. ಮೇಲೆ ಆವಿಗೆ ಎಡೆಯಿದ್ದರೆ ದ್ರವ ಹಿಗ್ಗಿ ಆ ಎಡೆಯನ್ನು ಆಕ್ರಮಿಸಿ ಸುಮ್ಮನಾಗುತ್ತದೆ. ಕಂಠದವರೆಗೆ ತುಂಬಿದ್ದರೆ ಹಿಗ್ಗಲು ಎಡೆಯಿಲ್ಲದೆ ಉಕ್ಕನ್ನೇ ನೂಕುತ್ತದೆ, ಆ ನೂಕುವಿಕೆಗೆ ಯಾವ ಉಕ್ಕೂ ಬಹುಕಾಲ ನಿಲ್ಲಲಾರದು. ಮನೆಯ ೧೪.೨ ಕಿಲೋಗ್ರಾಮಿನ ಸಿಲಿಂಡರಿನಲ್ಲಿ ೩೩.೩ ಲೀಟರು ನೀರು ಹಿಡಿಯುತ್ತದೆ; ಕಾರಖಾನೆಯವರು ಅದರಲ್ಲಿ ತುಂಬುವ ದ್ರವ ಸುಮಾರು ೨೬ ಲೀಟರು ಮಾತ್ರ. ಉಳಿದ ಏಳು ಲೀಟರಿನ ಬರಿದು ಜಾಗವು ಜಿಪುಣತನದ್ದಲ್ಲ.

ವಾಡಿಯಲ್ಲಿ ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ. ೧೮೭೪ರಲ್ಲಿ ನಿಜಾಮರ ರೈಲು ಇಲ್ಲಿಂದ ಸಿಕಂದರಾಬಾದಿಗೆ ಹೊರಟ ಮೇಲೆ ಹುಟ್ಟಿಬೆಳೆದ ಊರು ಇದು. ರೈಲಿಗಿಂತ ಹಿಂದಿನ ನೆನಪುಗಳು ಇಲ್ಲಿ ಅಲ್ಪ. ಸಿಮೆಂಟಿನ ಕಾರಖಾನೆಯ ಗೋಪುರಗಳು ದೂರದಿಂದಲೇ ಕಾಣುತ್ತವೆ. ಸುಣ್ಣಕಲ್ಲನ್ನು ಪುಡಿಮಾಡಿ ೧,೪೫೦ ಅಂಶದ ಉರಿಯಲ್ಲಿ ಸುಡುವ ಕುಲುಮೆಗಳು ಹಗಲಿರುಳೂ ತಿರುಗುತ್ತಿರುತ್ತವೆ. ಅಷ್ಟು ದೊಡ್ಡ ಬೆಂಕಿಯ ನೆರೆಯಲ್ಲಿ ನಿಂತು ನಾವು ಒಂದು ತಂಬಿಗೆ ಚಹಾ ಕಾಸಿಕೊಂಡು ಕುಡಿದೆವು. ಸಂಜೆ ಜಾಲರಿಯನ್ನು ಒರೆಸಿದಾಗ ಬೂದಿಬಣ್ಣದ ಧೂಳು ಒಂದು ಚಮಚೆಯಷ್ಟು ಬಂದಿತು. ಒರೆಸದಿದ್ದರೆ ನಾಲ್ಕೇ ದಿನದಲ್ಲಿ ತೂತು ಮುಚ್ಚಿಹೋಗುತ್ತಿತ್ತು.

ಚಿತ್ತಾಪುರದ ಬಳಿಯ ನಾಗಾವಿಯನ್ನು ಸೇರಿದಾಗ ಹೊತ್ತು ಮುಳುಗುತ್ತಿತ್ತು. ಇಂದು ಇದು ಎಲ್ಲಮ್ಮನ ಕ್ಷೇತ್ರವೆಂದು ಪ್ರಸಿದ್ಧ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ತ್ರೈಲೋಕ್ಯಮಲ್ಲನ ಕಾಲಕ್ಕೆ ಇಲ್ಲಿ ದೊಡ್ಡ ಘಟಿಕಾಸ್ಥಾನವಿತ್ತು. ೧೦೫೮ರ ಶಾಸನವು ವೇದಶಾಸ್ತ್ರಗಳನ್ನು ಓದುವ ಶಿಷ್ಯರಿಗೂ ಓದಿಸುವ ಉಪಾಧ್ಯಾಯರಿಗೂ ಮಾಡಿದ ಏರ್ಪಾಡುಗಳನ್ನು ಹೇಳಿ, ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಹೆಸರಿಸುತ್ತದೆ. ಎಂದರೆ ಗ್ರಂಥಗಳನ್ನು ಕಾಯುವವರು. ಪುಸ್ತಕ ಕಾಯಲು ಆರು ಜನರನ್ನಿಟ್ಟ ಊರಿನ ಅರವತ್ತು ಕಂಬದ ಗುಡಿಯಲ್ಲಿ ಸಂಜೆಯ ಬೆಳಕು ಕಂಬದಿಂದ ಕಂಬಕ್ಕೆ ಇಳಿಯುತ್ತಿದ್ದುದನ್ನು ನಾವು ಬಹಳ ಹೊತ್ತು ನೋಡಿದೆವು. ಭೀಮೆಯ ದಂಡೆಯ ಸನ್ನತಿಯೂ ಇದೇ ತಾಲ್ಲೂಕಿನದು. ಅಶೋಕನ ಶಾಸನಗಳಿಂದ ಹೆಸರಾದ ಆ ಸ್ಥಳಕ್ಕೆ ಬೇರೆ ಲೇಖನವೇ ಬೇಕು.

ರಾತ್ರಿ ಊಟವಾದ ಮೇಲೆ ರೆಗ್ಯುಲೇಟರನ್ನು ತೆಗೆದಿಡುವುದು ನಮ್ಮ ಕ್ರಮ. ಅಂದು ನನ್ನ ಪತ್ನಿ ಅದನ್ನು ಕೀಳುತ್ತಲೇ ಹಾವು ಬುಸುಗುಟ್ಟಿದಂಥ ಸದ್ದಾಯಿತು. ಕೊಳೆತ ಕೋಸಿನಂಥ ಆ ವಾಸನೆಯೂ ಬಂದಿತು. ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿದ್ದು ಗೊತ್ತಾಗಲೆಂದು ಮರ್ಕ್ಯಾಪ್ಟನ್ ಎಂಬ ದ್ರವ್ಯವನ್ನು ಬೆರೆಸಿರುತ್ತಾರೆ. ಸಿಲಿಂಡರಿನ ವಾಲ್ವಿನೊಳಗಿನ ರಬ್ಬರು ಉಂಗುರ ಸವೆದಿರಬೇಕು. ಆಕೆ ಗಾಬರಿಗೊಳ್ಳದೆ ದಾರದಿಂದ ಕಟ್ಟಿದ್ದ ಬಿಳಿಯ ಮುಚ್ಚಳವನ್ನು ವಾಲ್ವಿನ ಮೇಲೆ ಒತ್ತಿ ಬಿಗಿದಳು, ಸದ್ದು ನಿಂತಿತು. ಹೊಸ ಸಿಲಿಂಡರು ಬಂದಾಗ ಆ ಮುಚ್ಚಳವನ್ನು ಕತ್ತರಿಸಿ ಎಸೆಯುವ ಮನೆಗಳು ಎಷ್ಟೋ ಇವೆ.

ಸದ್ದು ನಿಂತರೂ ಆತಂಕ ಉಳಿಯಿತು. ನಲವತ್ತು ಮಾರು ದೂರದಲ್ಲಿ ಹರಕೆಗೆ ಬಂದ ಒಂದು ಕುಟುಂಬ ಮೂರು ಕಲ್ಲಿಟ್ಟು ಒಲೆ ಹೂಡಿತ್ತು. ಮಕ್ಕಳು ಸುತ್ತಲೂ ಓಡಾಡುತ್ತಿದ್ದರು. ಅವರ ಒಲೆ ತಗ್ಗಿನಲ್ಲಿತ್ತು, ನಮ್ಮ ಬಂಡಿ ಏರಿನಲ್ಲಿ. ಸೋರಿದ ಅನಿಲ ಹರಿದುಹೋಗುವ ದಿಕ್ಕು ಅವರದೇ. ಮೈದುನನವರು ಓಡಿಹೋಗಿ ವಿಷಯ ತಿಳಿಸಿದರು. ಆ ಕುಟುಂಬದ ಹಿರಿಯಾಕೆ ಒಂದು ಮಾತನ್ನೂ ಮರುಕೇಳದೆ ಕೊಡದ ನೀರನ್ನು ಒಲೆಗೆ ಸುರಿದುಬಿಟ್ಟಳು. ಮೇಲಿದ್ದ ಅನ್ನ ಅರೆಬೆಂದಿತ್ತು. ನಾವು ಸಿಲಿಂಡರನ್ನು ನೆಟ್ಟಗೆ ಹಿಡಿದು ಎತ್ತಿ, ಇಳಿಜಾರಿನ ಇನ್ನೊಂದು ಬದಿಗೆ, ಗಾಳಿಯ ಕೆಳಗೈಗೆ, ಬಯಲಿನಲ್ಲಿಟ್ಟೆವು. ಬಂಡಿಯ ದೀಪದ ಗುಂಡಿಯನ್ನು ಯಾರೂ ಮುಟ್ಟಲಿಲ್ಲ, ಬಾಗಿಲುಗಳನ್ನೆಲ್ಲ ತೆರೆದಿಟ್ಟೆವು. ಸೋರಿಕೆಗೆಂದೇ ದೇಶದಾದ್ಯಂತ ಇರುವ ೧೯೦೬ ಎಂಬ ದೂರವಾಣಿಗೆ ಬಹುದೂರ ಸರಿದು ಕರೆಮಾಡಿದಾಗ ಅವರು ಹೇಳಿದ್ದೂ ಅದನ್ನೇ. ಅರ್ಧ ಗಂಟೆಯ ಮೇಲೆ ಆ ಹಿರಿಯಾಕೆ ಮತ್ತೆ ಒಲೆ ಹೊತ್ತಿಸಿ, ಬೆಂದ ಅನ್ನದಲ್ಲಿ ನಮ್ಮ ತಾಯಿಯವರಿಗೂ ಒಂದು ಬಟ್ಟಲು ಕಳುಹಿಸಿದಳು. ಹೊರಗಿನ ಅಡಿಗೆ ಮುಟ್ಟದ ತಾಯಿಯವರು ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡು ಉಂಡರು. ನಾವು ಯಾರೂ ಆ ವಿಷಯ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಸಿಲಿಂಡರಿನ ಮುಚ್ಚಳಕ್ಕೆ ಸಾಬೂನಿನ ನೊರೆ ಹಚ್ಚಿ, ಗುಳ್ಳೆಯೇಳದಿರುವುದನ್ನು ಕಂಡು, ಗೂಡಿನಲ್ಲಿಟ್ಟು ಹೊರಟೆವು. ಒಲೆಗೆ ಅನಿಲವಿರಲಿಲ್ಲ. ದಾರಿಯ ಒಂದು ಊರಿನ ಅಂಗಡಿಯಲ್ಲಿ, ಊರಿನ ಹೆಸರು ಬೇಡ, ದೊಡ್ಡ ಸಿಲಿಂಡರನ್ನು ತಲೆಕೆಳಗು ಮಾಡಿ ರಬ್ಬರು ನಳಿಗೆಯಿಂದ ಚಿಕ್ಕ ಸಿಲಿಂಡರುಗಳಿಗೆ ತುಂಬುತ್ತಿದ್ದರು. ನಮ್ಮದನ್ನೂ ಹತ್ತು ನಿಮಿಷದಲ್ಲಿ ಸರಿಪಡಿಸಿ ತುಂಬಿಕೊಡುವುದಾಗಿ ಹೇಳಿದರು, ಬೆಲೆಯೂ ಅಗ್ಗ. ಅಲ್ಲಿ ತಕ್ಕಡಿ ಇರಲಿಲ್ಲ. ಎಂಬತ್ತು ಪಾಲೋ ನೂರು ಪಾಲೋ ಎಂದು ಅವರಿಗೂ ತಿಳಿಯದು, ನಮಗೂ ತಿಳಿಯದು. ೪೬ ಅಂಶದ ಗೂಡಿಗೆ ಮಾತ್ರ ತಿಳಿಯುತ್ತದೆ. ಮಧ್ಯಾಹ್ನದ ಔಷಧಕ್ಕೆ ಎರಡು ಗಂಟೆ ಉಳಿದಿತ್ತು. ಮೈದುನನವರು ಒಂದು ಕ್ಷಣ ನನ್ನ ಮುಖ ನೋಡಿದರು. ಬಂಡಿ ಮುಂದಕ್ಕೆ ಹೊರಟಿತು.

ಆ ಹೊತ್ತು ನಮ್ಮನ್ನು ಕಾಪಾಡಿದ್ದು ಈ ಸೀಮೆಯ ಕಟಕ ರೊಟ್ಟಿ. ಜೋಳದ ರೊಟ್ಟಿಯನ್ನು ತೆಳುವಾಗಿ ಬಡಿದು, ಬೇಯಿಸಿ, ತೇವ ಉಳಿಯದಂತೆ ಒಣಗಿಸಿದರೆ ವಾರಗಟ್ಟಲೆ ಕೆಡದು. ಶೇಂಗಾ ಹಿಂಡಿಯೊಂದಿದ್ದರೆ ಬೆಂಕಿಯ ಹಂಗಿಲ್ಲ. ಮುದುಕರಿಗೆ ಅದನ್ನು ಮುರಿದು ಮಜ್ಜಿಗೆಯಲ್ಲಿ ನೆನೆಹಾಕಿ ಕೊಡುತ್ತಾರೆ. ಮಳಖೇಡದ ಒಂದು ಮನೆಯ ಕಟ್ಟೆಯ ಮೇಲೆ ಕುಳಿತು ತಾಯಿಯವರು ಹಾಗೆಯೇ ಉಂಡು ಔಷಧ ತೆಗೆದುಕೊಂಡರು, ತಲೆ ಸುತ್ತಲಿಲ್ಲ. ಆ ಮನೆಯವರ ಹಿತ್ತಿಲಲ್ಲಿ ತೊಗರಿಕಟ್ಟಿಗೆಯ ಬಣವೆ ಆಳೆತ್ತರಕ್ಕೆ ನಿಂತಿತ್ತು. ತೊಗರಿಯ ಕಣಜವೆನಿಸಿದ ಜಿಲ್ಲೆಯಲ್ಲಿ ಕಾಳು ಪೇಟೆಗೆ ಹೋದರೆ ಕಡ್ಡಿ ಒಲೆಗೆ. ೨೦೧೬ರ ಉಜ್ವಲಾ ಯೋಜನೆಯಿಂದ ಬಂದ ಸಿಲಿಂಡರು ಒಳಗೆ ಇದೆ. ಚಹಾಕ್ಕೆ ಅದು, ರೊಟ್ಟಿಗೆ ಕಟ್ಟಿಗೆ ಎಂದು ಆ ಮನೆಯಾಕೆ ಹೇಳಿದಳು. ಸಿಲಿಂಡರು ಮುಗಿದರೆ ಮತ್ತೊಂದಕ್ಕೆ ಕಾಸು ಕೂಡಿಸಬೇಕು, ತೊಗರಿಕಟ್ಟಿಗೆಗೆ ಬೆನ್ನು ಬಗ್ಗಿಸಿದರೆ ಸಾಕಲ್ಲವೆ!

ಮಳಖೇಡವೆಂದರೆ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನು ಇಲ್ಲಿಂದ ಆಳಿದನು. ಕನ್ನಡದಲ್ಲಿ ಇಂದು ಉಳಿದಿರುವ ಗ್ರಂಥಗಳಲ್ಲಿ ಅತಿ ಹಳೆಯದಾದ ಕವಿರಾಜಮಾರ್ಗವು ಅವನ ಆಸ್ಥಾನದಲ್ಲಿ ಹುಟ್ಟಿತು. ಈಗ ಕಾಗಿಣಾ ನದಿಯ ದಂಡೆಯಲ್ಲಿ ಬಿರಿದ ಕೋಟೆಗೋಡೆಗಳೂ ಹಳೆಯ ಬಸದಿಯೂ ಉಳಿದಿವೆ. ಜಯತೀರ್ಥರದೆಂದು ಭಕ್ತರು ಪೂಜಿಸುವ ವೃಂದಾವನಕ್ಕೆ ತಾಯಿಯವರು ಪ್ರದಕ್ಷಿಣೆ ಬಂದರು. ಕೋಟೆಯನ್ನೇರಿದರೆ ಒಂದು ಕಡೆ ನದಿ, ಇನ್ನೊಂದು ಕಡೆ ಸಿಮೆಂಟಿನ ಗೋಪುರ. ಅರಮನೆ ಕಟ್ಟಿದ ಕಲ್ಲೂ ಗೋಪುರಕ್ಕೆ ಉಣಿಸುವ ಕಲ್ಲೂ ಒಂದೇ ನೆಲದ್ದು.

ಸೇಡಂನಲ್ಲಿ ಅನಿಲ ವಿತರಕರೊಬ್ಬರು ಸೋರುತ್ತಿದ್ದ ಸಿಲಿಂಡರನ್ನು ಹಿಂದಕ್ಕೆ ತೆಗೆದುಕೊಂಡು, ಹೊಸದನ್ನು ನಮ್ಮೆದುರಿಗೇ ತೂಗಿ, ವಾಲ್ವಿಗೆ ನೀರು ಬಿಟ್ಟು ಗುಳ್ಳೆ ನೋಡಿ ಕೊಟ್ಟರು. ಬಿಸಿಲಿಳಿದ ಮೇಲೆ ಪಂಚಲಿಂಗೇಶ್ವರನ ಹಳೆಯ ಗುಡಿಯನ್ನು ನೋಡಿ, ಅಂದಿನ ರಾತ್ರಿ ಅಲ್ಲಿಯೇ ಕಳೆದೆವು.

ಸೇಡಂನಿಂದ ಉತ್ತರಕ್ಕೆ ಚಿಂಚೋಳಿಯ ದಾರಿಯಲ್ಲಿ ನೆಲದ ಬಣ್ಣವೇ ಬೇರೆಯಾಗುತ್ತದೆ. ಕಪ್ಪು ಮಣ್ಣು, ಬಿಳಿಯ ಕಲ್ಲು ಹಿಂದಾಗಿ ಕೆಂಪು ನೆಲವೂ ಗುಡ್ಡಗಳೂ ಎದುರಾಗುತ್ತವೆ. ಈ ಬಯಲುಸೀಮೆಯಲ್ಲಿ ಕಾಡಿದೆಯೆಂದರೆ ನಂಬದವರು ಚಂದ್ರಂಪಳ್ಳಿಯ ಜಲಾಶಯದ ಕಟ್ಟೆಯ ಮೇಲೆ ನಿಂತು ನೋಡಬೇಕು. ೨೦೧೧ರಲ್ಲಿ ಸುಮಾರು ೧೩೫ ಚದರ ಕಿಲೋಮೀಟರು ಕಾಡನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಮಾರ್ಚಿಯಲ್ಲಿ ಅಲ್ಲಿಯ ನೆಲವೆಲ್ಲ ಒಣಗಿದ ಎಲೆ. ಕಾಲಿಟ್ಟರೆ ಹಪ್ಪಳದಂತೆ ಪುಡಿಯಾಗುತ್ತದೆ. ಅಭಯಾರಣ್ಯದೊಳಗೆ ಬೆಂಕಿ ಹಚ್ಚುವುದನ್ನು ೧೯೭೨ರ ಕಾಯಿದೆ ನಿಷೇಧಿಸಿದೆ. ಕಾವಲುಗಾರರು ನಮ್ಮ ಬಂಡಿಯ ಒಲೆಯನ್ನು ಕಂಡು, ಅದನ್ನೂ ಇಲ್ಲಿ ಹೊತ್ತಿಸಬೇಡಿರಿ, ಊರ ಕಡೆಗೆ ಹೋಗಿ ಅಡಿಗೆ ಮಾಡಿಕೊಳ್ಳಿರಿ ಎಂದರು. ಹಿಂದಿನ ವರ್ಷಗಳಲ್ಲಿ ಸುಟ್ಟ ಮರಗಳ ಕರಿ ಬೊಡ್ಡೆಗಳನ್ನು ಅವರು ಬೆರಳು ಮಾಡಿ ತೋರಿಸಿದ ಮೇಲೆ ವಾದಕ್ಕೆ ಎಡೆಯಿರಲಿಲ್ಲ.

ಆದ್ದರಿಂದ ಕಾಡನ್ನು ಬರಿಹೊಟ್ಟೆಯಲ್ಲಿಯೇ ನೋಡಿದೆವು. ಹಿಂದಿರುಗಿ ಚಿಂಚೋಳಿಯ ಹೊರಗೆ, ಮುಲ್ಲಾಮಾರಿ ನದಿಗೆ ಸಮೀಪದ ಒಂದು ಬಯಲಿನಲ್ಲಿ ಬಂಡಿ ನಿಲ್ಲಿಸಿ, ಜಾಲರಿ ಒರೆಸಿ, ಮುಚ್ಚಳ ತೆಗೆದು, ರೆಗ್ಯುಲೇಟರು ಕೂಡಿಸಿ, ನೊರೆ ಹಚ್ಚಿ ನೋಡಿ, ಕಿಟಕಿಗಳನ್ನು ತೆರೆದ ಮೇಲೆ ನನ್ನ ಪತ್ನಿ ಒಲೆ ಹೊತ್ತಿಸಿದಳು. ಉರಿ ನೀಲಿಯಾಗಿ ಸಮನಾಗಿ ನಿಂತಿತು. ಇಲ್ಲಿಯ ಧೂಳು ಬೂದಿಬಣ್ಣದ್ದಲ್ಲ, ಕೆಂಪಗಿತ್ತು. ಕಲಬುರಗಿಯಲ್ಲಿ ಕೊಂಡ ತೊಗರಿಬೇಳೆಗೆ ಎರಡು ಹಸಿಮೆಣಸಿನಕಾಯಿ ಹಾಕಿ ತಾಯಿಯವರೇ ಒಗ್ಗರಣೆ ಕೊಟ್ಟರು.